ಲೈಸೆನ್ಸ್ ತೂಕ ಕೇಳುತ್ತದೆ, ಆಗುಂಬೆ ಉದ್ದ ಕೇಳುತ್ತದೆ

ಅಕ್ಕನ ಮಗ ಕ್ಯಾಲಿಫೋರ್ನಿಯಾದಿಂದ ಫೋನು ಮಾಡಿದ್ದ. ಈ ಸಲ ರಜೆಗೆ ಬಂದಾಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ದೊಡ್ಡದೊಂದು ಸುತ್ತು ಹಾಕಬೇಕಂತೆ. ಸಾಗರದಿಂದ ಜೋಗ, ಅಲ್ಲಿಂದ ಸಿಗಂದೂರು, ವಾಪಸು ಬಂದು ತೀರ್ಥಹಳ್ಳಿ, ಆಮೇಲೆ ಆಗುಂಬೆ ಇಳಿದು ಉಡುಪಿ. ಕಾರಲ್ಲಿ ಬೇಡ, ಲಾಡ್ಜು ಹುಡುಕುವ ರಗಳೆಯೂ ಬೇಡ, ಬೆಂಗಳೂರಿನಿಂದ ಕ್ಯಾರವಾನ್ ಬಾಡಿಗೆಗೆ ತರುತ್ತೇನೆ ಅಂದ. ಮಂಚ, ಅಡುಗೆ ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಇರುವ ಗಾಡಿ. 'ಮಾವ, ಇಲ್ಲಿ ನನ್ನ ಮಾಮೂಲಿ ಲೈಸೆನ್ಸಲ್ಲೇ ಮೂವತ್ತು ಅಡಿ ಗಾಡಿ ಓಡ್ಸಿದೀನಿ. ಅಲ್ಲೂ ನಡೀತದೆ ಅಲ್ವಾ?'

ನಡೀತದೆ ಅಂದುಬಿಡಬಹುದಿತ್ತು. ಅವನ ಬಳಿ ಸಾಗರದಲ್ಲೇ ಮಾಡಿಸಿದ ಕೆಎ-15ರ ಕಾರು ಲೈಸೆನ್ಸ್ ಇದೆ, ಅವಧಿಯೂ ಉಳಿದಿದೆ. ಆದರೆ ನೋಡ್ತೀನಿ ಅಂದು ಫೋನಿಟ್ಟು ಕಾಯ್ದೆ ಬಿಚ್ಚಿ ಕೂತ ಮೇಲೆ ಗೊತ್ತಾಯಿತು, ಈ ಸಣ್ಣ ಪ್ರಶ್ನೆಗೆ ನಮ್ಮ ಕಾನೂನು ಒಂದೇ ಉತ್ತರ ಕೊಡುವುದಿಲ್ಲ. ಕೊಡುವ ಉತ್ತರಗಳಲ್ಲೂ ನಮ್ಮ ಘಾಟಿಯ ಲೆಕ್ಕ ಇಲ್ಲ.

ಮೊದಲು ಅವನಿರುವ ಊರಿನ ಮಾತು. ಅಮೆರಿಕದಲ್ಲಿ ಮೋಟಾರ್‌ಹೋಮ್‌ ಎಂದರೆ ಮನೆಮಂದಿ ರಜೆಗೆ ತೆಗೆದುಕೊಂಡು ಹೋಗುವ ಗಾಡಿ. ಒಕ್ಕೂಟದ ಕಾನೂನಿನಲ್ಲಿ ವಾಣಿಜ್ಯ ಲೈಸೆನ್ಸಿನ ಗೆರೆ ಇರುವುದು 26,000 ಪೌಂಡು, ಅಂದರೆ ಸುಮಾರು 11,800 ಕೆ.ಜಿ. ದಾಟಿದ ಮೇಲೆ. ಸ್ವಂತ ಪ್ರವಾಸಕ್ಕೆ ಓಡಿಸುವ ಮೋಟಾರ್‌ಹೋಮ್‌ಗಳಿಗೆ ಅದೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಹುತೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ಮಾತ್ರ 26,000 ಪೌಂಡು ಮೀರಿದ ಗಾಡಿಗೆ ವಾಣಿಜ್ಯವಲ್ಲದ ಬಿ ದರ್ಜೆಯ ಲೈಸೆನ್ಸ್ ಕೇಳುತ್ತವೆ. ಕ್ಯಾಲಿಫೋರ್ನಿಯಾದವರು ಇನ್ನೊಂದು ಅಳತೆಪಟ್ಟಿಯನ್ನೂ ಹಿಡಿದಿದ್ದಾರೆ. ಅಲ್ಲಿ 40 ಅಡಿವರೆಗಿನ ಮನೆಗಾಡಿಗೆ ಕಾರಿನ ಸಿ ದರ್ಜೆ ಸಾಕು, 40 ದಾಟಿ 45 ಅಡಿವರೆಗಿನದಕ್ಕೆ ವಾಣಿಜ್ಯವಲ್ಲದ ಬಿ ದರ್ಜೆ ಬೇಕು, ಅದಕ್ಕೆ ಬೇರೆ ಪರೀಕ್ಷೆ ಬರೆದು ಗಾಡಿ ಓಡಿಸಿ ತೋರಿಸಬೇಕು. ಅಂದರೆ ಅಲ್ಲಿ ಉದ್ದವನ್ನೂ ಕೇಳುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಆಗುಂಬೆ ತಲುಪಿದಾಗ ಬೇಕಾಗುತ್ತದೆ.

ಯುರೋಪಿನವರದು ಪೂರ್ತಿ ತೂಕದ ಲೆಕ್ಕ, ಅದೂ ಬಿಗಿ. ಕಾರಿನ ಬಿ ದರ್ಜೆಗೆ 3,500 ಕೆ.ಜಿ. ಮಿತಿ, ಅದಕ್ಕಿಂತ ಮೇಲೆ 7,500ರವರೆಗೆ ಸಿ1 ದರ್ಜೆ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕಿಂತ ಮೊದಲು ಕಾರಿನ ಪರೀಕ್ಷೆ ಪಾಸಾದ ಹಿರಿಯರಿಗೆ ಸಿ1 ತಾನಾಗಿಯೇ ಬಂದಿದೆ, ಅವರ ಮಕ್ಕಳು ಅದೇ ಗಾಡಿಗೆ ಬೇರೆ ಪರೀಕ್ಷೆ ಕೊಡಬೇಕು. ಅಪ್ಪ ಓಡಿಸಬಹುದು, ಮಗ ಓಡಿಸುವಂತಿಲ್ಲ! ಮಂಚ, ನೀರಿನ ಟ್ಯಾಂಕು, ಬ್ಯಾಟರಿ ಅಂತ ಹೇರುತ್ತಾ ಹೋದರೆ 3,500 ಕೆ.ಜಿ. ಮುಟ್ಟುವುದು ಏನೂ ಕಷ್ಟವಲ್ಲ. ಹಾಗಾಗಿ ಯುರೋಪಿಯನ್ ಒಕ್ಕೂಟ 2025ರಲ್ಲಿ ಲೈಸೆನ್ಸ್ ನಿಯಮವನ್ನು ತಿದ್ದಿ, ತರಬೇತಿ ಅಥವಾ ಪರೀಕ್ಷೆಯ ಷರತ್ತಿನೊಂದಿಗೆ ಬಿ ದರ್ಜೆಯವರಿಗೂ 4,250 ಕೆ.ಜಿ.ವರೆಗಿನ ಮೋಟಾರ್‌ಹೋಮ್‌ಗೆ ದಾರಿ ಮಾಡಿಕೊಟ್ಟಿತು. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಇಳಿಸಿಕೊಳ್ಳಲು ಕೆಲವು ವರ್ಷಗಳ ಕಾಲಾವಕಾಶವಿದೆ.

ಈಗ ನಮ್ಮ ಮನೆಗೆ ಬರೋಣ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್‌ಹೋಮ್‌ ಲೈಸೆನ್ಸ್ ಅಂತ ಒಂದು ದರ್ಜೆಯೇ ಇಲ್ಲ. ನಾಲ್ಕು ಚಕ್ರದ ಮಟ್ಟಿಗೆ ಮುಖ್ಯವಾಗಿ ಇರುವುದು ಎರಡು: ಲಘು ಮೋಟಾರು ವಾಹನ, ಅಂದರೆ ಎಲ್ಲರೂ ಎಲ್‌ಎಂವಿ ಅನ್ನುವುದು, ಮತ್ತು ಸಾರಿಗೆ ವಾಹನ. ಹಿಂದೆ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂಬ ನಾಲ್ಕು ದರ್ಜೆಗಳು ಪ್ರತ್ಯೇಕವಾಗಿದ್ದವು. 1994ರ ತಿದ್ದುಪಡಿ ಆ ನಾಲ್ಕನ್ನೂ ತೆಗೆದು ಸಾರಿಗೆ ವಾಹನ ಎಂಬ ಒಂದೇ ಚೀಲಕ್ಕೆ ತುಂಬಿತು. ಲಘು ವಾಹನದ ಮಿತಿಯನ್ನು 6,000 ಕೆ.ಜಿ.ಯಿಂದ 7,500ಕ್ಕೆ ಏರಿಸಿದ್ದೂ ಅದೇ ತಿದ್ದುಪಡಿ. ಯುರೋಪಿನವರು 3,500ಕ್ಕೆ ಬಾಗಿಲು ಹಾಕಿದರೆ ನಾವು ಅದರ ಎರಡು ಪಟ್ಟಿಗಿಂತ ಹೆಚ್ಚಿನ ಗಾಡಿಗೂ ಕಾರಿನ ಲೈಸೆನ್ಸನ್ನೇ ಒಪ್ಪುತ್ತೇವೆ.

ಆದರೆ 7,500 ಎಂದಾಗ ಯಾವ ತೂಕ? ಇಲ್ಲಿಯೇ ಜನ ಎಡವುವುದು. ಗಾಡಿಗೆ ಎರಡು ತೂಕ ಇರುತ್ತದೆ. ಒಂದು ಖಾಲಿ ತೂಕ. ಇನ್ನೊಂದು, ಜನ, ಸಾಮಾನು, ಹೊರೆ ಎಲ್ಲ ಸೇರಿ ಆ ಗಾಡಿಗೆ ಕಾನೂನು ಒಪ್ಪಿದ ಗರಿಷ್ಠ ತೂಕ, ಅಂದರೆ ತುಂಬಿದ ತೂಕ. ಕಾಯ್ದೆಯ 2ನೇ ಕಲಂ 21ನೇ ಉಪಕಲಂ ಓದಿದರೆ, ಸಾರಿಗೆ ವಾಹನಕ್ಕೆ ಮತ್ತು ಓಮ್ನಿಬಸ್ಸಿಗೆ ತುಂಬಿದ ತೂಕ 7,500 ಮೀರಬಾರದು. ಮೋಟಾರು ಕಾರಿಗಾದರೆ ಖಾಲಿ ತೂಕ 7,500 ಮೀರಬಾರದು. ಓಮ್ನಿಬಸ್ ಎಂದರೆ ನಮ್ಮ ಹಳೆಯ ಮಾರುತಿ ಓಮ್ನಿ ಅಲ್ಲ, ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನ ಕೂರುವಂತೆ ಕಟ್ಟಿದ ಯಾವುದೇ ಗಾಡಿ. ಹಾಗಾದರೆ ಮೋಟಾರು ಕಾರು ಯಾವುದು? ಸಾರಿಗೆ ವಾಹನವೂ ಅಲ್ಲದ, ಓಮ್ನಿಬಸ್ಸೂ ಅಲ್ಲದ, ಟ್ರ್ಯಾಕ್ಟರು, ರೋಡ್‌ರೋಲರು, ಬೈಕು ಇತ್ಯಾದಿ ಯಾವುದೂ ಅಲ್ಲದ ಗಾಡಿ. ಎಲ್ಲರನ್ನೂ ಪಂಕ್ತಿಯಿಂದ ಎಬ್ಬಿಸಿದ ಮೇಲೆ ಎಲೆ ಮುಂದೆ ಉಳಿದವನು!

ಇದರ ಪರಿಣಾಮ ತಮಾಷೆಯಾಗಿದೆ. ಸ್ವಂತ ಬಳಕೆಗೆ ನೋಂದಣಿಯಾದ, ಆರು ಜನರ ಕ್ಯಾರವಾನೊಂದು ಅಕ್ಷರಾರ್ಥದಲ್ಲಿ ಮೋಟಾರು ಕಾರು. ಅದರ ಖಾಲಿ ತೂಕ ಏಳು ಟನ್ ಇದ್ದು, ತುಂಬಿದಾಗ ಒಂಬತ್ತಾದರೂ ವ್ಯಾಖ್ಯೆಯ ಪ್ರಕಾರ ಅದು ಲಘು ವಾಹನವೇ. ಅದೇ ಗಾಡಿಗೆ ಇನ್ನೊಂದು ಸೀಟು ಕೂರಿಸಿ ಏಳು ಜನರದ್ದು ಮಾಡಿ, ಓಮ್ನಿಬಸ್ಸಾಯಿತು, ಲಘುವಿನ ಪಟ್ಟಿಯಿಂದ ಹೊರಬಿತ್ತು. ಚಕ್ರ ಅದೇ, ಉದ್ದ ಅದೇ, ಬ್ರೇಕೂ ಅದೇ. ಒಂದು ಸೀಟಿನಿಂದ ಲೈಸೆನ್ಸೇ ಬದಲು. ಆರ್‌ಸಿ ಕಾರ್ಡಿನಲ್ಲಿ ಬರೆಯುವ ಆಸನ ಸಂಖ್ಯೆ ಚಾಲಕನನ್ನೂ ಸೇರಿಸಿಕೊಂಡೇ ಇರುತ್ತದೆ, ಹಾಗಾಗಿ ಕಾರ್ಡಿನಲ್ಲಿ 7 ಎಂದಿದ್ದರೆ ಒಂದು ಲೆಕ್ಕ, 8 ಎಂದಿದ್ದರೆ ಬೇರೆ ಲೆಕ್ಕ. ಇನ್ನು ಖಾಲಿ ತೂಕವೇ 7,500 ದಾಟಿದ, ಬಸ್ ಚಾಸಿ ಮೇಲೆ ಕಟ್ಟಿದ ಖಾಸಗಿ ಮನೆಗಾಡಿ ಇದೆಯಲ್ಲ, ಅದು ಲಘುವೂ ಅಲ್ಲ, ಖಾಸಗಿಯಾದ್ದರಿಂದ ಸಾರಿಗೆಯೂ ಅಲ್ಲ. 1994ರಲ್ಲಿ ದರ್ಜೆಗಳನ್ನು ಕೂಡಿಸಿದವರ ತಲೆಯಲ್ಲಿ ಲಾರಿ, ಬಸ್ಸು ಇದ್ದವು, ಮಲಗುವ ಮನೆ ಹೊತ್ತು ತಿರುಗುವ ಶ್ರೀಮಂತ ಇರಲಿಲ್ಲ ಅನ್ನಿಸುತ್ತದೆ. ಅಂಥ ಗಾಡಿ ಓಡಿಸುವವನು ಹೆವಿ ಲೈಸೆನ್ಸ್ ಮಾಡಿಸಿಕೊಳ್ಳುವುದೇ ಬುದ್ಧಿವಂತಿಕೆ. ಅಪಘಾತವಾದ ದಿನ ವ್ಯಾಖ್ಯೆಯ ಮೇಲೆ ವಾದ ಮಾಡಿ ಗೆಲ್ಲುವ ಆಸೆ ಯಾರಿಗೂ ಬೇಡ.

ಗಾಡಿ ಯಾವ ಪಟ್ಟಿಗೆ ಸೇರಿದೆ ಎಂದು ಊಹಿಸುತ್ತಾ ಕೂರಬೇಕಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕ್ಯಾಂಪರ್ ವ್ಯಾನು ಸಾರಿಗೆ ವಾಹನಗಳ ಸಾಲಿನಲ್ಲಿದೆ, ಆಂಬ್ಯುಲೆನ್ಸು, ಸಂಚಾರಿ ಕ್ಯಾಂಟೀನು, ಶವವಾಹನಗಳ ಪಕ್ಕದಲ್ಲಿ. ಸರ್ಕಾರದ ವಾಹನ ನೋಂದಣಿ ತಾಣವಾದ ವಾಹನ್ ಪೋರ್ಟಲಿನ ವರ್ಗಪಟ್ಟಿಯಲ್ಲಿ ಮಾತ್ರ ಕ್ಯಾಂಪರ್ ವ್ಯಾನ್ ಒಂದು, ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಇನ್ನೊಂದು, ಮೋಟಾರ್ ಕ್ಯಾರವಾನ್ ಮತ್ತೊಂದು ಎಂದು ಬೇರೆಬೇರೆ ಇವೆ. ಆರ್‌ಸಿಯಲ್ಲಿ ಯಾವ ಹೆಸರು ಬಿದ್ದಿದೆಯೋ ಅದೇ ನಿಮ್ಮ ಹಣೆಬರಹ. ಬಾಡಿಗೆ ಗಾಡಿಯಾದರೆ ಹಳದಿ ಬೋರ್ಡು ಇರುತ್ತದೆ, ಅಂದರೆ ಸಾರಿಗೆ ವಾಹನ. ನೀವೇ ಓಡಿಸಲು ಕೊಡುವ ಬಾಡಿಗೆ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ.

ಸಾರಿಗೆ ವಾಹನವೆಂದರೆ ಲೈಸೆನ್ಸಿನಲ್ಲಿ ಅದಕ್ಕೆಂದೇ ಪ್ರತ್ಯೇಕ ಒಪ್ಪಿಗೆ ಇರಬೇಕೆಂದು 3ನೇ ಕಲಂ ಹೇಳುತ್ತದೆ. ನಮ್ಮ ಕಡೆ ಅದಕ್ಕೆ ಬ್ಯಾಡ್ಜ್ ಅನ್ನುತ್ತಾರೆ. ಹಾಗಾದರೆ ಎಲ್‌ಎಂವಿ ಮಾತ್ರ ಇರುವವನು ಹಳದಿ ಬೋರ್ಡಿನ ಟಿಟಿ ಓಡಿಸಬಹುದೇ? ಟಿಟಿ ಎಂದರೆ ಟೆಂಪೋ ಟ್ರಾವೆಲರ್, ಧರ್ಮಸ್ಥಳಕ್ಕೂ ಮದುವೆ ದಿಬ್ಬಣಕ್ಕೂ ನಾವೆಲ್ಲ ಹತ್ತಿ ಇಳಿದಿರುವ ಗಾಡಿ. ಇಂದು ಬಾಡಿಗೆಗೆ ಸಿಗುವ ಎಷ್ಟೋ ಕ್ಯಾರವಾನುಗಳ ಹೊಟ್ಟೆಯೊಳಗೆ ಇರುವುದು ಇದೇ. ಈ ಪ್ರಶ್ನೆ ಕೋರ್ಟುಗಳಲ್ಲಿ ವರ್ಷಗಟ್ಟಲೆ ಓಡಾಡಿತು. ವಿಮಾ ಕಂಪನಿಗಳದ್ದು ಒಂದೇ ಹಟ: ಬ್ಯಾಡ್ಜ್ ಇಲ್ಲದವನು ಓಡಿಸುತ್ತಿದ್ದ, ನಾವು ಪರಿಹಾರ ಕೊಡುವುದಿಲ್ಲ. 2017ರ ಜುಲೈಯಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಕೊಡಲೇಬೇಕು ಅಂದರು. ಆ ತೀರ್ಪು ಸರಿಯೇ ಎಂಬ ಪ್ರಶ್ನೆ ಎದ್ದು ಐವರ ಸಂವಿಧಾನ ಪೀಠಕ್ಕೆ ಹೋಯಿತು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಅವರ ಪೀಠ 2024ರ ನವೆಂಬರ್ 6ರಂದು ಬಜಾಜ್ ಅಲಯನ್ಸ್ ವಿರುದ್ಧ ರಂಭಾದೇವಿ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ತುಂಬಿದ ತೂಕ 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವನು ಓಡಿಸಬಹುದು, ಪ್ರತ್ಯೇಕ ಒಪ್ಪಿಗೆ ಬೇಡ. ತೀರ್ಪು ಬರೆದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್. ಸಾರಿಗೆ ಲೈಸೆನ್ಸಿಗೆ ಇರುವ ಹೆಚ್ಚುವರಿ ಷರತ್ತುಗಳು 7,500 ಮೀರಿದ ಗಾಡಿಗಳ ಚಾಲಕರಿಗೆ ಮಾತ್ರ ಅಂದರು. ಇ-ರಿಕ್ಷಾ, ಅಪಾಯಕಾರಿ ಸರಕು ಸಾಗಿಸುವ ಗಾಡಿಗಳಂಥವಕ್ಕೆ ಇರುವ ವಿಶೇಷ ನಿಯಮಗಳನ್ನು ಹಾಗೇ ಬಿಟ್ಟರು.

ಈ ತೀರ್ಪು ನನಗೆ ಒಪ್ಪಿಗೆ. ಸಾಗರದ ಪೇಟೆಯಲ್ಲಿ ಅಡಿಕೆ ಚೀಲ ಹೊರುವ ಸಣ್ಣ ಗೂಡ್ಸ್ ಗಾಡಿಯವನು ಬ್ಯಾಡ್ಜಿಗಾಗಿ ಬ್ರೋಕರಿನ ಮನೆ ಬಾಗಿಲು ಕಾಯುವುದು ತಪ್ಪಿತು. ಕಾಗದದಲ್ಲಿ ಒಂದು ಮುದ್ರೆ ಕಡಿಮೆ ಎಂಬ ಕಾರಣಕ್ಕೆ ಸತ್ತವನ ಹೆಂಡತಿಗೆ ಪರಿಹಾರ ಸಿಗದೆ ಹೋಗುವುದೂ ತಪ್ಪಿತು. ಬದುಕಿಗಾಗಿ ಗಾಡಿ ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ತೀರ್ಪು ಅದು. ಅದರ ನೆರಳಿನಲ್ಲಿ ರಜೆ ಕಳೆಯಲು ಬರುವವನೂ ಬಂದು ನಿಂತಿದ್ದಾನೆ, ಅಷ್ಟೇ. ಗೂಡ್ಸ್ ಗಾಡಿಯವನು ಅದೇ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿಬರುತ್ತಾನೆ. ಇವನು ಬೆಂಗಳೂರಿನಿಂದ ಹೊರಟು, ಜೀವಮಾನದಲ್ಲಿ ಮೊದಲ ಸಲ ಉದ್ದನೆಯ ಗಾಡಿಯ ಸ್ಟೇರಿಂಗ್ ಹಿಡಿದು, ನೇರವಾಗಿ ಘಾಟಿಗೆ ಬರುತ್ತಾನೆ.

7,500 ದಾಟಿದರೆ ಏನು ಬೇಕು? ಇಪ್ಪತ್ತು ವರ್ಷ ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷವಾಗಿರಬೇಕು, ಆಮೇಲೆ ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್. ಡ್ರೈವಿಂಗ್ ಸ್ಕೂಲಿನಿಂದ 5ನೇ ನಮೂನೆಯ ತರಬೇತಿ ಪತ್ರ, ವೈದ್ಯರಿಂದ 1ಎ ನಮೂನೆ. ನಿಯಮದಲ್ಲಿ ಕಾರಿಗೆ ಕನಿಷ್ಠ 21 ದಿನದ ತರಬೇತಿ, ದೊಡ್ಡ ಗಾಡಿಗೆ 30 ದಿನ. ಎಂಟನೇ ಕ್ಲಾಸ್ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ಕೈಬಿಟ್ಟರು. ಸಾರಿಗೆ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೆವಿ ಕಲಿಯಲು ಹೋದವನು ಕಲಿಯುವುದು ಲಾರಿಯಲ್ಲಿ. ಬಸ್ ಚಾಸಿಯ ಹಿಂಭಾಗ ತಿರುವಿನಲ್ಲಿ ಬೀಸುವ ಪರಿಯೇ ಬೇರೆ, ಅದು ಬೇರೆ ಪಾಠ, ಆ ಪಾಠ ಸಿಲಬಸ್ಸಿನಲ್ಲಿ ಇಲ್ಲ.

ಕಾಗದ ಸರಿಯಿಲ್ಲದೆ ಸಿಕ್ಕಿಬಿದ್ದರೆ ದಂಡದ ಮಾತು. ಲೈಸೆನ್ಸ್ ಇಲ್ಲದೆ ಓಡಿಸಿದರೆ ಇದ್ದ 500 ರೂ. ದಂಡವನ್ನು 2019ರ ತಿದ್ದುಪಡಿ 5,000ಕ್ಕೆ ಏರಿಸಿತು, ಅಂಥವನ ಕೈಗೆ ಕೀಲಿ ಕೊಟ್ಟ ಮಾಲೀಕನಿಗೂ ಬೇರೆ ದಂಡವಿದೆ. ನಿಜವಾದ ಪೆಟ್ಟು ದಂಡದ್ದಲ್ಲ, ವಿಮೆಯದ್ದು. ಸರಿಯಾದ ದರ್ಜೆಯ ಲೈಸೆನ್ಸ್ ಇಲ್ಲದವನು ಗುದ್ದಿದರೆ ಸಾಮಾನ್ಯವಾಗಿ ಕೋರ್ಟು ವಿಮಾ ಕಂಪನಿಗೆ ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎನ್ನುತ್ತದೆ. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಈ ದಾರಿ ಗಟ್ಟಿಯಾಯಿತು. ಅಂದರೆ ಸಂತ್ರಸ್ತನಿಗೆ ದುಡ್ಡು ಸಿಗುತ್ತದೆ, ಮಾಲೀಕನ ತೋಟ ಅಡಮಾನಕ್ಕೆ ಹೋಗುತ್ತದೆ. ನಿಮ್ಮದೇ ಗಾಡಿಯ ರಿಪೇರಿಗಂತೂ ವಿಮೆಯ ಬಾಗಿಲು ಮುಚ್ಚಿದ ಹಾಗೆಯೇ.

ಇಲ್ಲಿ ಹಳೆಯ ಗಾಡಿ ಕೊಂಡು ಕ್ಯಾರವಾನ್ ಮಾಡಿಸುವವರಿಗೆ ಒಂದು ಮಾತು. ನನ್ನ ಪರಿಚಯದವರೊಬ್ಬರು ಹಳೆಯ ಟಿಟಿಯ ಸೀಟು ಕಿತ್ತು, ಬಡಗಿಯಿಂದ ಹಲಸಿನ ಮರದ ಮಂಚ ಮಾಡಿಸಿ, ಮೇಲೆ ನೀರಿನ ಟ್ಯಾಂಕು ಕೂರಿಸಿದರು. ನೋಡಲು ಬಲು ಚಂದ, ಮಲೆನಾಡಿನ ಮನೆಯ ಉಪ್ಪರಿಗೆಯ ಹಾಗೆ. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪತ್ರಕ್ಕೆ ಒಯ್ದಾಗ ಗಾಡಿ ವಾಪಸ್ ಬಂತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಮೋಟಾರ್ ಕ್ಯಾರವಾನಿಗೆ ಅಂತಲೇ ಎಐಎಸ್-124 ಎಂಬ ಮಾನದಂಡವಿದೆ. ಆ ಪ್ರಕಾರ ಅನುಮೋದನೆ ಪಡೆದವರ ಹತ್ತಿರ ಮಾಡಿಸಿ ಆರ್‌ಸಿಯಲ್ಲಿ ದಾಖಲಿಸದಿದ್ದರೆ, ಲೈಸೆನ್ಸ್ ಎಷ್ಟು ಸರಿಯಿದ್ದರೂ ಗಾಡಿಯೇ ತಪ್ಪು. ಇನ್ನೂರು ಲೀಟರ್ ನೀರು ತುಂಬಿದರೆ ಇನ್ನೂರು ಕೆ.ಜಿ., ಅದೂ ತಲೆಯ ಮೇಲೆ, ಅದೂ ತಿರುವಿನಲ್ಲಿ ಒಂದು ಪಕ್ಕಕ್ಕೆ ತೂಗುವ ಹೊರೆ. ಹಲಸಿನ ಮರ ಹಗುರವೇನೂ ಅಲ್ಲ.

ಇಷ್ಟೆಲ್ಲ ತೂಕದ ಪುರಾಣವಾಯಿತು. ಈಗ ಆಗುಂಬೆ.

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಸೋಮೇಶ್ವರಕ್ಕೆ ಇಳಿಯುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಾಗ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ, ತಿರುವಿನಲ್ಲಿ ನೋಡಿದರೆ ಎದುರಿಗೆ ಬಂದವನ ಮೀಸೆ ಕಾಣುವಷ್ಟು ಹತ್ತಿರ. ಈ ಘಾಟಿಯಲ್ಲಿ ದಶಕಗಳಿಂದ ಓಡಿದ್ದು ಮಿನಿಬಸ್ಸುಗಳು. ಶಿವಮೊಗ್ಗದಿಂದ ಉಡುಪಿ, ಮಂಗಳೂರಿಗೆ ಹೋಗುವವರೆಲ್ಲ ಆ ಮಿನಿಬಸ್ಸಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತವರೇ. ದೊಡ್ಡ ಬಸ್ಸು ಯಾಕಿಲ್ಲ ಎಂದು ಚಿಕ್ಕವನಿದ್ದಾಗ ಕೇಳಿದ್ದಕ್ಕೆ ಕಂಡಕ್ಟರು, 'ತಿರುಗಲ್ಲ ಮಾರಾಯ' ಎಂದಿದ್ದ. ಭಾರ ಹೆಚ್ಚಾಗುತ್ತದೆ ಅಂತ ಅವನು ಹೇಳಲಿಲ್ಲ.

ಅವನು ಹೇಳಿದ್ದೇ ಇಡೀ ವಿಷಯ. ಗಾಡಿ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲೇ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವಿನ ಅಂತರ, ಅಂದರೆ ವ್ಹೀಲ್‌ಬೇಸ್ ಹೆಚ್ಚಿದಷ್ಟೂ ಕತ್ತರಿಸುವುದೂ ಹೆಚ್ಚು. ಡ್ರೈವಿಂಗ್ ಸ್ಕೂಲಿನ ಚಿಕ್ಕ ಕಾರಿನ ವ್ಹೀಲ್‌ಬೇಸ್ ಎರಡೂವರೆ ಮೀಟರಿನ ಒಳಗೆ. ಟ್ರಾವೆಲರ್ ಗಾಡಿಗಳ ಮಾದರಿಗೆ 3350, 4020 ಎಂದೆಲ್ಲ ಹೆಸರಿರುವುದು ಮಿಲಿಮೀಟರಿನಲ್ಲಿ ಅವುಗಳ ವ್ಹೀಲ್‌ಬೇಸೇ. 12 ಮೀಟರಿನ ಬಸ್ ಚಾಸಿಯದ್ದು ಆರು ಮೀಟರ್ ಆಸುಪಾಸು. ಹಿಂದಿನ ಅಚ್ಚಿನಾಚೆ ಚಾಚಿಕೊಂಡ ದೇಹ ಬೇರೆ: ಮೂತಿ ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ ಬೀಸುತ್ತದೆ. ಎಡಗಡೆ ಗೋಡೆ ಇದ್ದರೆ ಗೀರು, ಬೈಕಿನವನಿದ್ದರೆ ಅವನ ಗತಿ ಹೇಳುವುದು ಬೇಡ. ಗಾಡಿಯ ತೂಕ 4,500 ಇರಲಿ, 7,400 ಇರಲಿ, ಹದಿನಾಲ್ಕರಲ್ಲಿ ಯಾವ ತಿರುವೂ ಅದನ್ನು ಕೇಳುವುದಿಲ್ಲ.

ಇದರಲ್ಲಿ ನನಗೆ ಸಿಟ್ಟು ಬರಿಸುವ ವಿಷಯ ಒಂದಿದೆ. ವ್ಹೀಲ್‌ಬೇಸ್ ಎಷ್ಟೆಂದು ಆರ್‌ಸಿಯಲ್ಲೇ ನಮೂದಾಗಿರುತ್ತದೆ. ಸರ್ಕಾರದ ಬಳಿ ಲೆಕ್ಕ ಇದೆ. ಲೈಸೆನ್ಸ್ ಕೊಡುವಾಗ ಮಾತ್ರ ಯಾರೂ ಆ ಅಂಕಣದ ಕಡೆ ನೋಡುವುದಿಲ್ಲ.

ಹಳೆಯ ಕಾಲದ ಲಾಂಚ್‌ನವರು ಈ ವಿಷಯದಲ್ಲಿ ಕಾಯ್ದೆಗಿಂತ ಮುಂದಿದ್ದರು. ಸಿಗಂದೂರಿನ ದಾರಿಯ ಅಂಬಾರಗೋಡ್ಲು ಕಡವಿನಲ್ಲಿ ಶರಾವತಿ ಹಿನ್ನೀರು ದಾಟಿಸುವಾಗ ಲಾಂಚಿನ ಹುಡುಗ ಗಾಡಿಯನ್ನು ಮೂತಿಯಿಂದ ಬಾಲದವರೆಗೆ ಕಣ್ಣಲ್ಲೇ ಅಳೆದು, ಇದು ಆ ಮೂಲೆಗೆ, ಅದು ಮುಂದಿನ ಟ್ರಿಪ್ಪಿಗೆ ಎಂದು ವಿಂಗಡಿಸುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿಗಳೇ ಇಲ್ಲ, ಜನ ಮಾತ್ರ. ಈಗ ಅಲ್ಲಿ ಸುಮಾರು 2.4 ಕಿ.ಮೀ. ಉದ್ದದ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಆಚೆ ದಡದ, ದ್ವೀಪದಂತಿದ್ದ ತುಮರಿಯವರಿಗೆ ಅರವತ್ತು ವರ್ಷದ ಶಾಪ ಕಳೆಯಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಲಾಂಚು ಇದ್ದಾಗ ತಾನಾಗಿಯೇ ಹಿಂದೆ ಉಳಿಯುತ್ತಿದ್ದ ಉದ್ದನೆಯ ಗಾಡಿಗಳು ಈಗ ಸಲೀಸಾಗಿ ದಾಟಿ, ದ್ವೀಪದ ಕಿರಿದಾದ ಊರು ರಸ್ತೆಗಳಿಗೆ ನುಗ್ಗುತ್ತಿವೆ. ಸೇತುವೆ ದೊಡ್ಡದಾಯಿತು, ಆಚೆಯ ತಿರುವು ದೊಡ್ಡದಾಗಲಿಲ್ಲ.

ಮಳೆಗಾಲದಲ್ಲಿ ಜಿಲ್ಲಾಡಳಿತಗಳು ಆಗುಂಬೆಗೆ, ಕೆಲವೊಮ್ಮೆ ಹೊಸನಗರದ ಕಡೆಯ ಹುಲಿಕಲ್ ಘಾಟಿಗೆ, ಆಚೆ ಚಾರ್ಮಾಡಿಗೆ ಭಾರಿ ವಾಹನ ನಿಷೇಧ ಹಾಕುವುದು ನಮಗೆಲ್ಲ ರೂಢಿಯ ಸುದ್ದಿ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಕೊಟ್ಟಿರುವ ಅಧಿಕಾರ ಅದು. ಅಂಥ ಆದೇಶಗಳಲ್ಲಿ ಬಸ್ಸು, ಲಾರಿ, ಟ್ಯಾಂಕರು ಬೇಡ, ಕಾರು, ಜೀಪು, ಟೆಂಪೋ ಟ್ರಾವೆಲರ್, ಆಂಬ್ಯುಲೆನ್ಸ್ ಇತ್ಯಾದಿ ಹೋಗಬಹುದು ಎಂಬಂಥ ಪಟ್ಟಿ ಇರುತ್ತದೆ. ಕ್ಯಾರವಾನ್ ಯಾವ ಸಾಲಿಗೆ? ಕಾಗದದಲ್ಲಿ ಲಘು, ಕಣ್ಣಿಗೆ ಬಸ್ಸು. ಚೆಕ್‌ಪೋಸ್ಟಿನಲ್ಲಿ ಕೊಡೆ ಹಿಡಿದು ನಿಂತ ಪೊಲೀಸ್ ಕಾನ್‌ಸ್ಟೇಬಲ್ಲಿಗೆ ಬಿಟ್ಟ ವಿಚಾರ. ಅವರು ಬಿಡುವುದಿಲ್ಲ ಅಂದರೆ ವಾಪಸು ತಿರುಗಿಸಲು ಜಾಗ ಎಲ್ಲಿದೆ ಎಂಬುದು ಆಮೇಲಿನ ಪ್ರಶ್ನೆ.

ಉತ್ತರಾಖಂಡದಲ್ಲಿ ವಾಣಿಜ್ಯ ವಾಹನದ ಚಾಲಕ ಬೆಟ್ಟದ ರಸ್ತೆಗೆ ಹತ್ತಬೇಕಾದರೆ ಲೈಸೆನ್ಸಿನ ಮೇಲೆ ಅದಕ್ಕೆಂದೇ ಒಪ್ಪಿಗೆ ಪಡೆಯಬೇಕು. ಪಶ್ಚಿಮ ಘಟ್ಟದ ನಮ್ಮಲ್ಲಿ ಅಂಥದ್ದಿಲ್ಲ. ಅದನ್ನೇ ಯಥಾವತ್ ತನ್ನಿ ಎಂದರೆ ನಾನು ಒಪ್ಪುವುದಿಲ್ಲ. ತಂದರೆ ಮೊದಲು ಸಿಕ್ಕಿಬೀಳುವವನು ಮೀನು, ತರಕಾರಿ ಹೊರುವ ಪಿಕಪ್ಪಿನವನು, ಘಾಟಿಯ ಒಂದೊಂದು ಕಲ್ಲೂ ಗೊತ್ತಿರುವವನು. ಅವನು ಮತ್ತೆ ಮುದ್ರೆಗಾಗಿ ಕ್ಯೂ ನಿಲ್ಲಬೇಕು. ನನ್ನ ಮಟ್ಟಿಗೆ ಸರಿ ಅನ್ನಿಸುವುದು ಕ್ಯಾಲಿಫೋರ್ನಿಯಾದ ಅಳತೆಪಟ್ಟಿ. ಹಳದಿ ಬೋರ್ಡೋ ಬಿಳಿ ಬೋರ್ಡೋ ಎಂದು ನೋಡದೆ, ವ್ಹೀಲ್‌ಬೇಸ್ ಇಂತಿಷ್ಟು ಮೀರಿದ ಗಾಡಿಯನ್ನು ಸ್ವಂತಕ್ಕಾಗಿ ಓಡಿಸುವವನಿಗೆ ಅದೇ ಅಳತೆಯ ಗಾಡಿಯಲ್ಲಿ ಅರ್ಧ ದಿನದ ಪರೀಕ್ಷೆ ಇರಲಿ. ಬಾಡಿಗೆಗೆ ಕೊಡುವವರು ಕೀಲಿ ಕೊಡುವ ಮುನ್ನ ಅದನ್ನು ನೋಡಲಿ. ಅದಕ್ಕೆ ಕೇಂದ್ರದ ಕಾನೂನು ಬದಲಾಗಬೇಕು, ಕಾಲ ಹಿಡಿಯುತ್ತದೆ. ಅದಕ್ಕೂ ಮೊದಲು ಜಿಲ್ಲಾಡಳಿತಗಳ ಕೈಯಲ್ಲೇ ಇರುವ ಕೆಲಸ ಒಂದಿದೆ. ನಿಷೇಧದ ಆದೇಶದಲ್ಲಿ ಗಾಡಿಯ ಜಾತಿಯನ್ನು ಬರೆಯುವ ಬದಲು ಮೀಟರಿನಲ್ಲಿ ಉದ್ದ ಬರೆಯುವುದು, ಅದೇ ಅಂಕಿಯನ್ನು ತೀರ್ಥಹಳ್ಳಿಯಲ್ಲೇ, ಇನ್ನೂ ತಿರುಗಿಸಲು ಜಾಗ ಇರುವ ಕಡೆಯೇ, ಬೋರ್ಡು ಹಾಕಿಸುವುದು. ಆಗುಂಬೆಯ ಚೆಕ್‌ಪೋಸ್ಟಿನಲ್ಲಿ ಹಾಕಿದರೆ ಪ್ರಯೋಜನ ಅಷ್ಟಕ್ಕಷ್ಟೇ.

ಕೇರಳ 2021ರಲ್ಲೇ ಕೆರವಾನ್ ಎಂಬ ಹೆಸರಿಟ್ಟು ಈ ಪ್ರವಾಸಕ್ಕೆ ನೀತಿ ಮಾಡಿತು. ನಮ್ಮ ಕಡೆಯೂ ಆ ಗಾಳಿ ಬೀಸಿಯೇ ಬೀಸುತ್ತದೆ. ಗಾಡಿ ನಿಲ್ಲಿಸುವ ಜಾಗ, ಕರೆಂಟು, ಕೊಳಕು ನೀರು ಎಲ್ಲಿ ಬಿಡುವುದು ಎಂಬ ಚರ್ಚೆ ಬರುತ್ತದೆ. ಓಡಿಸುವವನ ಕೈ ಎಷ್ಟು ಪಳಗಿದೆ ಎಂಬ ಚರ್ಚೆ ಸಾಮಾನ್ಯವಾಗಿ ಮೊದಲ ಅಪಘಾತವಾದ ಮರುದಿನ ಶುರುವಾಗುತ್ತದೆ.

ಹೊರದೇಶದಲ್ಲಿ ಓಡಿಸುವ ಆಸೆ ಇರುವ ನಮ್ಮವರಿಗೂ ಒಂದು ಎಚ್ಚರಿಕೆ. ಆರ್‌ಟಿಒ ಕಚೇರಿಯಲ್ಲಿ ಸಿಗುವ ಅಂತರರಾಷ್ಟ್ರೀಯ ಪರವಾನಗಿಗೆ ಒಂದು ವರ್ಷದ ಅವಧಿ. 1949ರ ಜಿನೀವಾ ಒಪ್ಪಂದದ ಪ್ರಕಾರ ಅದರಲ್ಲಿನ ಬಿ ದರ್ಜೆಗೆ ಸರಕು ಗಾಡಿಗಾದರೆ 3,500 ಕೆ.ಜಿ., ಜನರ ಗಾಡಿಗಾದರೆ ಚಾಲಕನನ್ನು ಬಿಟ್ಟು ಎಂಟು ಸೀಟಿನ ಮಿತಿ. ಶಿವಮೊಗ್ಗದಲ್ಲಿ 7,500ರವರೆಗೆ ಓಡಿಸುತ್ತಿದ್ದೆ ಎಂಬ ಮಾತು ಮ್ಯೂನಿಕ್‌ನಲ್ಲಿ ನಡೆಯುವುದಿಲ್ಲ. ಹಾಗೆಯೇ ಅಮೆರಿಕದ ಲೈಸೆನ್ಸ್ ಮಾತ್ರ ಇರುವವನು ಇಲ್ಲಿಗೆ ಬರುವಾಗ ಅಲ್ಲಿಂದಲೇ ಆ ಪರವಾನಗಿ ಮಾಡಿಸಿಕೊಂಡು ಬರಬೇಕು.

ಅಕ್ಕನ ಮಗನಿಗೆ ಹೇಳಿದೆ: ಬಾಡಿಗೆಯವರಿಂದ ಆರ್‌ಸಿಯ ಫೋಟೋ ತರಿಸು, ನಾಲ್ಕು ಅಂಕಣ ನೋಡೋಣ. ವರ್ಗ, ಆಸನ, ತುಂಬಿದ ತೂಕ, ವ್ಹೀಲ್‌ಬೇಸ್. ಫೋಟೋ ಬಂತು. ತೂಕ ಐದು ಟನ್ನಿನೊಳಗೆ, ಅವನ ಎಲ್‌ಎಂವಿ ಸಾಕು, ಬ್ಯಾಡ್ಜ್ ಬೇಡ. ವ್ಹೀಲ್‌ಬೇಸ್ ನಾಲ್ಕು ಮೀಟರ್. 'ಜೋಗ, ಸಿಗಂದೂರು ನೀನೇ ಓಡಿಸು. ಆಗುಂಬೆಗೆ ಮಾತ್ರ ಘಾಟಿ ಪಳಗಿದ ಡ್ರೈವರನ್ನ ತೀರ್ಥಹಳ್ಳೀಲಿ ಹತ್ತಿಸ್ಕೊ' ಅಂದೆ. ಆಚೆ ಸ್ವಲ್ಪ ಹೊತ್ತು ಮೌನ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಬೇಕು, ಬ್ರೇಕು ಮೆಟ್ಟಿಕೊಂಡೇ ಇಳಿದರೆ ಕಾದು ಹಿಡಿಯದೆ ಹೋಗುತ್ತದೆ, ಏರುವವನಿಗೆ ಇಳಿಯುವವನು ದಾರಿ ಬಿಡಬೇಕು ಅಂತೆಲ್ಲ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಕಾನ್ಫರೆನ್ಸ್ ಕಾಲಿನಲ್ಲಿದ್ದ ಅಕ್ಕ ಬಾಯಿ ಹಾಕಿದಳು.

'ಅಲ್ಲ ಮಾರಾಯ, ಇಷ್ಟುದ್ದದ ಜಗಲಿ ಇಟ್ಕೊಂಡು ನಾನು ಎಂತಕ್ಕೆ ಗಾಡಿಲಿ ಮಲಗ್ಬೇಕು?'